ಒಂದು ರುಜು ಹಾಕಿ ಅಕ್ಕಾ

ಕಾಯಿ ತುರೀತಾನೇ ಕೇಳಿ ಅಕ್ಕಾ. ಮೊನ್ನೆ ನಿಮ್ಮನೆಯವರು ಕೇಳಿದ್ರಲ್ಲ, "ಭಾನುವಾರ ಬೆಳಕು ಹರಿಯೋಕೆ ಮುಂಚೆ ಹೆಲ್ಮೆಟ್ ಹಾಕ್ಕೊಂಡು ಎಲ್ಲಿಗಮ್ಮ ಸವಾರಿ?" ಅಂತ. ಅಷ್ಟರಲ್ಲಿ ಗ್ಯಾಸಿನವನು ಬಂದ, ಮಾತು ಅಲ್ಲಿಗೇ ನಿಂತಿತು.

ನಮ್ಮ ಬಡಾವಣೆಯ ಸೈಕಲ್ ಗುಂಪಿಗೆ ಸೇರಿದೀನಿ. ಸೈಕಲ್ ಕ್ಲಬ್ಬು ಅಂದ ಕೂಡಲೇ ಲಕ್ಷ ರೂಪಾಯಿ ಸೈಕಲ್ಲು, ಮೈಗಂಟೋ ಬಟ್ಟೆ, ನಂದಿಬೆಟ್ಟ ಅಂತ ನೆನಪಾಗತ್ತೆ. ಅಂಥೋರೂ ಇದ್ದಾರೆ. 200 ಕಿಲೋಮೀಟರನ್ನ ಹದಿಮೂರೂವರೆ ಗಂಟೆಯೊಳಗೆ ತುಳಿದು ಮುಗಿಸೋ 'ಬ್ರೆವೆ'ಗೆ ಹೋಗೋ ಹುಡುಗೀರನ್ನ ನೋಡಿದ್ರೆ ಹೆಮ್ಮೆ ಆಗತ್ತೆ. ನಮ್ಮದು ಅಷ್ಟು ದೂರದ ಸವಾರಿ ಅಲ್ಲ. ಮುಂದೆ ಒಬ್ಬರು ದಾರಿ ತೋರಿಸ್ತಾರೆ, ಕೊನೇಲಿ ಒಬ್ಬರು ಇರ್ತಾರೆ. ಅವರಿಗೆ 'ಸ್ವೀಪ್' ಅಂತಾರೆ. ಯಾರು ಎಷ್ಟೇ ನಿಧಾನ ತುಳೀಲಿ, ಸ್ವೀಪ್ ಅವರನ್ನ ಬಿಟ್ಟು ಮುಂದೆ ಹೋಗೋ ಹಾಗಿಲ್ಲ. ರಸ್ತೇಲಿ ಗುಂಡಿ ಕಂಡ್ರೆ ಮುಂದಿನವರು "ಗುಂಡಿ!" ಅಂತ ಕೂಗಿ ಕೈ ತೋರಿಸ್ತಾರೆ, ಆ ಕೂಗು ಒಬ್ಬರಿಂದ ಒಬ್ಬರಿಗೆ ಕೊನೇವರೆಗೂ ಹೋಗತ್ತೆ. ಮಂಡಿ ನೋವು ಇರೋರೂ ಬರ್ತಾರೆ.

ಆದ್ರೆ ಗುಂಪು ಕಟ್ಟಿದ್ದು ಬರೀ ಭಾನುವಾರದ ಗಾಳಿ ಸೇವನೆಗಾದ್ರೆ ನಾನು ಸೇರ್ತಿರಲಿಲ್ಲ. ಸೋಮವಾರ ಬೆಳಗ್ಗೆ ಈ ಊರಲ್ಲಿ ಸೈಕಲ್ ತುಳಿಯೋರು ಯಾರು ಅಂತ ಒಂದ್ಸಲ ಗೇಟಿನ ಹತ್ತಿರ ನಿಂತು ನೋಡಿ. ಪೇಪರ್ ಹಾಕೋ ಹುಡುಗರು, ಕ್ಯಾರಿಯರ್‌ಗೆ ಫ್ಲಾಸ್ಕ್ ಕಟ್ಟಿಕೊಂಡು ಟೀ ಮಾರೋರು, ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗೋ ಸೆಕ್ಯೂರಿಟಿಯವರು. ಅವರಿಗೆ ಕ್ಲಬ್ಬಿಲ್ಲ, ಹೆಲ್ಮೆಟ್ಟಿಲ್ಲ, ರಸ್ತೇಲಿ ಜಾಗವೂ ಇಲ್ಲ. ಹಿಂದಿನಿಂದ ಹಾರ್ನ್ ಕೇಳಿದ್ರೆ ಮೋರಿ ಅಂಚಿಗೆ ಸರೀತಾರೆ. ಅವರು ಒಂದು ದಿನದ ಕೂಲಿ ಬಿಟ್ಟು ಕಚೇರಿಗೆ ಅಲೆಯೋಕಾಗತ್ತಾ? ನಮಗೆ ಪುರಸೊತ್ತಿದೆ, ಅರ್ಜಿ ಬರೆಯೋಕೆ ಬರತ್ತೆ. ಅವರ ದಾರಿಗಾಗಿ ನಾವು ಕೇಳಬೇಕು. ನನ್ನ ಪ್ರಕಾರ ಸೈಕಲ್ ಗುಂಪಿನ ಮೊದಲ ಕೆಲಸವೇ ಅದು.

ನಮ್ಮ ಜಯನಗರದಲ್ಲೇ 2012ರಲ್ಲಿ ಸೈಕಲ್ ಪಥ ಮಾಡಿದ್ರಲ್ಲ, ಈಗ ಅಲ್ಲಿ ಏನು ನಿಂತಿರತ್ತೆ ಅಂತ ನಿಮಗೇ ಗೊತ್ತು: ಕಾರು, ಸ್ಕೂಟರು. 2020ರಲ್ಲಿ ಹೊರವರ್ತುಲ ರಸ್ತೇಲಿ ಲೌರಿ ಜಂಕ್ಷನ್ನಿನಿಂದ ಸಿಲ್ಕ್ ಬೋರ್ಡ್‌ವರೆಗೆ 17 ಕಿಲೋಮೀಟರ್ ಪಥಕ್ಕೆ ಕೈಹಾಕಿದ್ರು. ಕಂಬ ನೆಟ್ಟಿದ್ದನ್ನ ನೋಡಿ ಎಷ್ಟು ಖುಷಿಪಟ್ಟಿದ್ದೆ! ಕಂಬ ಮುರಿದವು, ಬೈಕು ನುಗ್ಗಿದವು, ಮೆಟ್ರೋ ಕೆಲಸ ಶುರುವಾಯ್ತು. ಪಥ ಮಾಡಿಸಿದ ಮೇಲೂ ಅದನ್ನ ದಿನಾ ಕಾಯೋಕೆ ಅಕ್ಕಪಕ್ಕದ ಮನೆಯವರು ಬೇಕು ಅಕ್ಕಾ. 2013ರ ಅಕ್ಟೋಬರಿನಲ್ಲಿ ಶುರುವಾದ 'ಸೈಕಲ್ ಡೇ' ಊರೆಲ್ಲ ಹರಡಿದ್ದು ಯಾಕೆ? ಸರ್ಕಾರದ ನಗರ ಭೂಸಾರಿಗೆ ನಿರ್ದೇಶನಾಲಯದ ಜೊತೆ ಬಡಾವಣೆಗಳ ನಿವಾಸಿ ಸಂಘಗಳೂ ಕೈಜೋಡಿಸಿದ್ದಕ್ಕೆ. ಆ ದಿನ ನಾಲ್ಕು ಗಂಟೆ ಕಾಲ ವಾಹನ ನಿಲ್ಲಿಸಿದ್ರೆ ಸಾಕು, ಮಕ್ಕಳು ಸೈಕಲ್ ಹಿಡಿದು ಬೀದಿಗೆ ಬರ್ತಾರೆ.

"ಅದೆಲ್ಲ ಹಾಲೆಂಡಿನವರಿಗೆ ಸರಿ, ಅವರು ಹುಟ್ಟುತ್ತಲೇ ಸೈಕಲ್ ಹತ್ತಿದೋರು" ಅಂತಾರೆ ನಿಮ್ಮನೆಯವರು. ಅಲ್ಲೂ ಹಾಗಿರಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅವರ ಊರುಗಳನ್ನೂ ಕಾರು ತುಂಬಿಕೊಂಡಿತ್ತು. 1971ರ ಒಂದೇ ವರ್ಷ ಅಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತೋರು 3,000ಕ್ಕೂ ಹೆಚ್ಚು, ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಹೆತ್ತವರು ಬೀದಿಗಿಳಿದು "ಮಕ್ಕಳ ಕೊಲೆ ನಿಲ್ಲಿಸಿ" ಅಂತ ಚಳವಳಿ ಕಟ್ಟಿದ್ರು. 1973ರಲ್ಲಿ ಪೆಟ್ರೋಲಿಗೂ ಬರ ಬಂತು, ಸರ್ಕಾರ ಕಿವಿಗೊಟ್ಟಿತು. ತಾಯಂದಿರು ಹಟ ಹಿಡಿದದ್ದಕ್ಕೆ ಅಲ್ಲಿ ದಾರಿ ಸಿಕ್ಕಿತು. ನಮ್ಮಲ್ಲೂ ಸೈಕಲ್ ಹೊಸದೇನಲ್ಲ. 2006-07ರಿಂದ ಸರ್ಕಾರಿ ಶಾಲೆಗಳ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡ್ತಾ ಬಂದ್ರು, ನಮ್ಮೂರ ಕಡೆ ಎಷ್ಟು ಹುಡುಗೀರು ಅದನ್ನ ತುಳಿದು ಹೈಸ್ಕೂಲು ಮುಗಿಸಿದ್ರು! ಅದೇ ಹುಡುಗಿ ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದ್ರೆ ಸೈಕಲ್ ಮುಟ್ಟೋಕೆ ಹೆದರ್ತಾಳೆ. ನನಗೆ ಸಂಕಟ ಆಗೋದು ಅದಕ್ಕೆ.

ಈ ಸಲ ನಾವು ಕೇಳ್ತಿರೋದು ದೊಡ್ಡದಲ್ಲ. ಮಾರ್ಕೆಟ್ಟಿಗೆ ಹೋಗೋ ರಸ್ತೇಲಿ ಮಳೆನೀರು ಇಳಿಯೋಕೆ ಕಬ್ಬಿಣದ ಜಾಲರಿ ಹಾಕಿದ್ದಾರಲ್ಲ, ಅದರ ಸರಳುಗಳು ರಸ್ತೆಯ ಉದ್ದಕ್ಕೇ ಇವೆ. ಕಾರಿನ ಚಕ್ರ ಮೇಲೆ ಹೋಗಿಬಿಡತ್ತೆ, ಸೈಕಲ್ಲಿನ ಚಕ್ರ ಸಂದಿಗೆ ಇಳಿದು ತುಳಿಯೋರು ತಲೆಕೆಳಗಾಗಿ ಬೀಳ್ತಾರೆ. ಮಳೇಲಿ ನೀರು ನಿಂತಾಗ ಸಂದಿ ಕಾಣೋದೂ ಇಲ್ಲ. ಜಾಲರಿ ಮೇಲೆ ಅಡ್ಡಲಾಗಿ ಎರಡು ಮೂರು ಪಟ್ಟಿ ವೆಲ್ಡಿಂಗ್ ಮಾಡಿದ್ರೆ ಮುಗೀತು, ಅರ್ಧ ದಿನದ ಕೆಲಸ. ಒಂದೊಂದು ಜಾಲರಿಯ ಫೋಟೋ ತೆಗೆದು, ಎದುರಿನ ಮನೆ ನಂಬರ್ ಸಮೇತ ಅರ್ಜಿಗೆ ಲಗತ್ತಿಸಿದೀವಿ.

ಬುಧವಾರ ವಾರ್ಡ್ ಆಫೀಸಿಗೆ ಕೊಡ್ತೀವಿ. ನೀವು ಸೈಕಲ್ ಹತ್ತಬೇಕು ಅಂತ ನಾನು ಕೇಳ್ತಿಲ್ಲ. ಇಲ್ಲೊಂದು ರುಜು ಹಾಕಿ, ನಿಮ್ಮನೆಯವರದ್ದೂ ಹಾಕಿಸಿ. ಆಗೋದಾದ್ರೆ ಹನ್ನೊಂದು ಗಂಟೆಗೆ ನಮ್ಮ ಜೊತೆ ಬನ್ನಿ, ನಾಲ್ಕು ಜನ ಹೆಂಗಸರು ಜಾಸ್ತಿ ಹೋದಷ್ಟೂ ಒಳ್ಳೇದು.