ಗಾಯಾಳು ಪಟ್ಟಿಯಲ್ಲಿ ಅಜ್ಜ

ಮೈಸೂರಿನ ಸರಸ್ವತಿಪುರಂನ ಒಂದು ಮನೆಯಲ್ಲಿ ಅಜ್ಜ ಮುನಿಸಿಕೊಂಡಿದ್ದಾರೆ. ಸ್ಯಾನ್ ಹೋಸೆಯಿಂದ ರಜೆಗೆ ಬಂದ ಮೊಮ್ಮಗಳು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಹಾಳೆಯೊಂದು ಇದಕ್ಕೆ ಕಾರಣ. ಅಡುಗೆಯಾಕೆ ಮಗಳ ಬಾಣಂತನಕ್ಕೆಂದು ಊರಿಗೆ ಹೋದದ್ದೇ ತಡ, ಸೊಸೆ ಸೆರಗು ಕಟ್ಟಿ ಆಡಳಿತಕ್ಕಿಳಿದಳು. ಹದಿನಾಲ್ಕರ ಮೊಮ್ಮಗಳು ಅಮ್ಮನನ್ನು ‘ಹೊಸ ಜನರಲ್ ಮ್ಯಾನೇಜರ್’ ಎಂದು ಘೋಷಿಸಿ ಆಟಗಾರರ ಪಟ್ಟಿ ಬರೆದಳು. ಡಿಕಾಕ್ಷನ್ನಿಗೆ ಅಜ್ಜಿ, ಹಾಲು-ತರಕಾರಿಗೆ ಅಪ್ಪ, ಪಾತ್ರೆಗೂ ಅಪ್ಪ. ಎಲ್ಲಕ್ಕಿಂತ ಕೆಳಗೆ, ಕೆಂಪು ಶಾಯಿಯಲ್ಲಿ: ‘ದೀರ್ಘಕಾಲದ ಗಾಯಾಳು — ಅಜ್ಜ, ಮಂಡಿ.’

ಹುಡುಗಿ ಸ್ಯಾನ್ ಹೋಸೆ ಶಾರ್ಕ್ಸ್ ಐಸ್ ಹಾಕಿ ತಂಡದ ಪರಮಭಕ್ತೆ. ಆ ತಂಡವನ್ನು 2003ರಿಂದ ಕಟ್ಟುತ್ತ ಬಂದಿದ್ದ ಡಗ್ ವಿಲ್ಸನ್ 2022ರ ಏಪ್ರಿಲಿನಲ್ಲಿ ಕುರ್ಚಿ ಬಿಟ್ಟರು. ಜುಲೈ 5ಕ್ಕೆ ಮೈಕ್ ಗ್ರಿಯರ್ ಬಂದರು, ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್ ಕಂಡ ಮೊದಲ ಕಪ್ಪು ಜನರಲ್ ಮ್ಯಾನೇಜರ್. ಬಂದ ಎಂಟೇ ದಿನಕ್ಕೆ, ಹನ್ನೊಂದು ಋತು ಆಡಿದ್ದ ಗಡ್ಡಧಾರಿ ಬ್ರೆಂಟ್ ಬರ್ನ್ಸ್‌ರನ್ನು ಕ್ಯಾರೊಲೈನಾಕ್ಕೆ ಸಾಗಹಾಕಿದರು. ಸುಮ್ಮನೆ ಸಾಗಹಾಕಲಿಲ್ಲ, ಅವರ ಸಂಬಳದಲ್ಲಿ ಶೇಕಡಾ 34ನ್ನು ತಾವೇ ಕಟ್ಟುವುದಾಗಿ ಒಪ್ಪಿಕೊಂಡರು. ಮರುವರ್ಷ ಆಗಸ್ಟ್ 6ರಂದು ಎರಿಕ್ ಕಾರ್ಲ್‌ಸನ್ ಪಿಟ್ಸ್‌ಬರ್ಗ್‌ಗೆ ಹೊರಟರು. ಆಗಷ್ಟೇ ಮುಗಿದಿದ್ದ ಋತುವಿನಲ್ಲಿ 101 ಅಂಕ ಗಳಿಸಿ, ಲೀಗಿನ ಶ್ರೇಷ್ಠ ರಕ್ಷಣಾ ಆಟಗಾರನೆಂದು ನಾರಿಸ್ ಟ್ರೋಫಿ ಗೆದ್ದಿದ್ದ ಮನುಷ್ಯ! ಅವರಿಗೂ ವರ್ಷಕ್ಕೆ 15 ಲಕ್ಷ ಡಾಲರ್, ನಾಲ್ಕು ವರ್ಷ, ಶಾರ್ಕ್ಸ್ ಖಾತೆಯಿಂದಲೇ.

ಅಜ್ಜನೂ ಕಾಲೇಜಿನಲ್ಲಿ ಹಾಕಿ ಆಡಿದವರೇ, ಆದರೆ ಹುಲ್ಲಿನ ಮೇಲೆ. ಲೆಫ್ಟ್ ಹಾಫ್. ಅವರ ಲೆಕ್ಕದಲ್ಲಿ ಹಾಕಿ ಎಂದರೆ 1973ರ ವಿಶ್ವಕಪ್ಪಿಗೆ ಭಾರತದ ನಾಯಕನಾಗಿದ್ದ ನಮ್ಮ ಕೊಡಗಿನ ಎಂ.ಪಿ. ಗಣೇಶ್. “ಪಕ್ಕದ ಮನೇಲಿ ಪಾತ್ರೆ ತೊಳೆಯೋನಿಗೆ ನಾವ್ಯಾಕೋ ಸಂಬಳ ಕೊಡಬೇಕು?” ಎಂಬುದು ಹೋದ ರಜೆಯಿಂದಲೂ ಅವರ ಪ್ರಶ್ನೆ. 2023ರ ನವೆಂಬರ್ 4ರಂದು ಅದೇ ಕಾರ್ಲ್‌ಸನ್ ಪಿಟ್ಸ್‌ಬರ್ಗ್ ಅಂಗಿ ತೊಟ್ಟು ಸ್ಯಾನ್ ಹೋಸೆಗೆ ಬಂದರು. ಶಾರ್ಕ್ಸ್ 2–10ರಿಂದ ಸೋತಿತು. ಕೈಯಾರೆ ದುಡ್ಡು ಕೊಟ್ಟು ಒದೆಸಿಕೊಂಡ ಈ ಕತೆಯನ್ನು ಅಜ್ಜ ಕುಕ್ಕರಹಳ್ಳಿ ಕೆರೆಯ ವಾಕಿಂಗ್ ಗೆಳೆಯರಿಗೆಲ್ಲ ಹೇಳಿ, ಕೆಲವರಿಗೆ ಎರಡೆರಡು ಸಲ ಹೇಳಿ, ನಕ್ಕಿದ್ದರು.

ಅಜ್ಜಿಯ ವಿಶ್ಲೇಷಣೆ ಬೇರೆ. ಆಕೆ ಹಳೆಯ ಒಂಟಿಕೊಪ್ಪಲ್ ಪಂಚಾಂಗಗಳನ್ನು ಎಸೆಯುವವರಲ್ಲ. ಅಟ್ಟದಿಂದ ಇಳಿಸಿ, ಕನ್ನಡಕ ಏರಿಸಿ ನೋಡಿದರು: ಗ್ರಿಯರ್ ಕೆಲಸಕ್ಕೆ ಸೇರಿದ್ದು ಆಷಾಢದಲ್ಲಿ. ಕಾರ್ಲ್‌ಸನ್‌ರನ್ನು ಕಳಿಸಿದ್ದು ಅಧಿಕ ಶ್ರಾವಣದಲ್ಲಿ. “ಅಲ್ಲಿ ಹೇಳೋರು ಕೇಳೋರು ಯಾರೂ ಇಲ್ವೇನೇ?” ಅದರ ನಂತರದ ಋತುವಿನ ಮೊದಲ ಹನ್ನೊಂದು ಪಂದ್ಯಗಳಲ್ಲಿ ತಂಡ ಒಂದನ್ನೂ ಗೆಲ್ಲಲಿಲ್ಲ, ಕೊನೆಗೆ 32 ತಂಡಗಳಲ್ಲಿ 32ನೆಯದಾಯಿತು ಎಂದು ಮೊಮ್ಮಗಳೇ ಒಪ್ಪಿಕೊಳ್ಳಬೇಕಾಯಿತು. ಕಟ್ಟಕಡೆಗೆ ಬಿದ್ದ ಪುಣ್ಯದಿಂದಲೇ ಹೊಸ ಆಟಗಾರರ ಆಯ್ಕೆಯ ಲಾಟರಿ ಒಲಿದು, 2024ರ ಜೂನ್ 28ರಂದು ಮೊದಲ ಆಯ್ಕೆಯಾಗಿ ಮ್ಯಾಕ್ಲಿನ್ ಸೆಲೆಬ್ರಿನಿ ಸಿಕ್ಕ. ಅಜ್ಜಿ ಹಾಳೆ ತಿರುವಿದರು. ಜ್ಯೇಷ್ಠ ಮಾಸ, ಶುಕ್ರವಾರ. ಹುಡುಗ ಪಾಸು.

ಇಷ್ಟೆಲ್ಲ ಆದರೂ ಗಾಯಾಳು ಪಟ್ಟಿ ಫ್ರಿಜ್ಜಿನ ಮೇಲೇ ಇತ್ತು. ಎನ್‌ಎಚ್‌ಎಲ್‌ನಲ್ಲಿ ತಂಡದ ಒಟ್ಟು ಸಂಬಳಕ್ಕೊಂದು ಮಿತಿಯಿದೆ. ಗ್ರಿಯರ್ ಬಂದ ವರ್ಷ ಅದು 8.25 ಕೋಟಿ ಡಾಲರ್. ಆಗ ಯಾರಾದರೂ ದೀರ್ಘಕಾಲ ಗಾಯಗೊಂಡು ಕೂತರೆ, ಅವರ ಸಂಬಳದಷ್ಟರ ಮಟ್ಟಿಗೆ ತಂಡ ಮಿತಿ ದಾಟಬಹುದಿತ್ತು. ಮೊಮ್ಮಗಳು ಈ ಕಾನೂನನ್ನು ಸಯ್ಯಾಜಿರಾವ್ ರಸ್ತೆಯಿಂದ ತಂದ ಮೈಸೂರು ಪಾಕಿಗೆ ಅನ್ವಯಿಸಿದಳು. ತಲೆಗೆರಡು ತುಂಡು. ಅಜ್ಜನಿಗೆ ಸಕ್ಕರೆ ಕಾಯಿಲೆ. ಗಾಯಾಳುವಿನ ಪಾಲಿನ ಎರಡು ತುಂಡಿನಷ್ಟು ಬೇರೆಯವರು ಮಿತಿ ದಾಟಬಹುದು. ಅಜ್ಜಿ ಮರುಮಾತಿಲ್ಲದೆ ದಾಟಿದರು. ಐವತ್ತು ವರ್ಷ ಗಂಡನ ಎಲೆಗೆ ಮೊದಲು ಬಡಿಸಿದ ಕೈ, ಎರಡನ್ನೂ ಒಟ್ಟಿಗೆ ಎತ್ತಿತು!

ಅಜ್ಜ ಎದ್ದು ನಿಂತರು. ತಾನು ಗಾಯಾಳು ಅಲ್ಲವೆಂದು ಸಾಬೀತುಪಡಿಸಲು ಊರುಗೋಲನ್ನೇ ಸ್ಟಿಕ್ ಮಾಡಿಕೊಂಡು, ನೆಲದ ಮೇಲಿದ್ದ ಈರುಳ್ಳಿಯೊಂದನ್ನು ರಿವರ್ಸ್ ಸ್ಟಿಕ್ಕಿನಲ್ಲಿ ತಡೆದು ಬಾರಿಸಿದರು. ಹೊಡೆತ ಸೊಗಸಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಈರುಳ್ಳಿ ಸೋಫಾದಡಿ ನುಗ್ಗಿತು, ಅಜ್ಜ ಸೋಫಾದ ಮೇಲೆಯೇ ಕುಸಿದು ಕೂತರು, ಮಂಡಿ ಹಿಡಿದು. ಸೊಸೆ ಮೂವ್ ಮುಲಾಮು ತಂದಳು. ಅಜ್ಜಿ ಅದನ್ನು ಕಸಿದುಕೊಂಡು, ಬೈಯುತ್ತ, ಮೈಸೂರು ಪಾಕಿನ ತುಪ್ಪ ಇನ್ನೂ ಆರದ ಬೆರಳುಗಳಿಂದಲೇ ತಿಕ್ಕಿದರು. ಮೊಮ್ಮಗಳು ಮಾತ್ರ ನಿಯಮದಿಂದ ಕದಲಲಿಲ್ಲ: ಅಜ್ಜ ತಂಡಕ್ಕೆ ಮರಳಬೇಕಾದರೆ ಮಿತಿಯೊಳಗೆ ಜಾಗ ಬೇಕು, ಅಜ್ಜಿ ಎರಡು ತುಂಡು ವಾಪಸು ಮಾಡಬೇಕು. ಅದಾಗಲೇ ಅಸಾಧ್ಯವಾಗಿತ್ತು.

ರಾತ್ರಿ ಅವಳೇ ಅಜ್ಜನ ಕೋಣೆಗೆ ಹೋಗಿ ಕಾಲ ಬುಡದಲ್ಲಿ ಕೂತು ನಿಕಿತಾ ಕುಚೆರೊವ್ ಕತೆ ಹೇಳಿದಳು. ಸೊಂಟದ ಶಸ್ತ್ರಚಿಕಿತ್ಸೆಯಾಗಿ 2021ರ ಲೀಗಿನ 56 ಪಂದ್ಯವೂ ಟ್ಯಾಂಪಾ ಬೇಯ ಗಾಯಾಳು ಪಟ್ಟಿಯಲ್ಲಿ ಕೂತಿದ್ದ ಆಸಾಮಿ, ಪ್ಲೇಆಫಿನಲ್ಲಿ ತಂಡದ ಮೊದಲ ಪಂದ್ಯಕ್ಕೇ ಇಳಿದ. ಅಲ್ಲಿ ಸಂಬಳದ ಮಿತಿಯೇ ಲೆಕ್ಕಕ್ಕಿರಲಿಲ್ಲ. ಎಲ್ಲರಿಗಿಂತ ಹೆಚ್ಚು, 32 ಅಂಕ ಬಾಚಿದ. ತಂಡ ಸ್ಟ್ಯಾನ್ಲಿ ಕಪ್ ಗೆದ್ದಿತು.

ಅಜ್ಜ ದಿಂಬಿಗೊರಗಿ ಎಲ್ಲ ಕೇಳಿಸಿಕೊಂಡರು. “ಅಂದ್ರೆ ಪ್ಲೇಆಫಲ್ಲಿ ಎಷ್ಟು ಬೇಕಾದ್ರೂ ತಿನ್ನಬಹುದು?”

“ಹೂಂ.”

“ನಮ್ಮನೇಲಿ ಪ್ಲೇಆಫ್ ಯಾವತ್ತು?”

ವರಮಹಾಲಕ್ಷ್ಮಿ ಹಬ್ಬವೆಂದು ಇಬ್ಬರೂ ಸೇರಿ ತೀರ್ಮಾನಿಸಿದರು. ಪ್ಲೇಆಫಿಗೂ ಮಿತಿ ಹೇರುವ ನಿಯಮವನ್ನು ಎನ್‌ಎಚ್‌ಎಲ್ 2025ರಲ್ಲೇ ಒಪ್ಪಿಕೊಂಡಿದೆ. ಮೊಮ್ಮಗಳಿಗೆ ಅದು ಚೆನ್ನಾಗಿ ಗೊತ್ತು. ಅಜ್ಜನಿಗೆ ಹೇಳಿಲ್ಲ.