ಹುಣಸೆ ಬೀಜದ ಉಪಯೋಗಗಳು

ಮನೆಯಿಂದಲೇ ಕಂಪನಿ ಕೆಲಸ ಮಾಡುವವರು ಮಕ್ಕಳನ್ನು ಸುಮ್ಮನಿರಿಸಲು ಬಳಸುವ ಅತಿ ಅಗ್ಗದ ಸಾಧನ ಚೌಕಾಬಾರ. ಗುಬ್ಬಿ ತಾಲ್ಲೂಕಿನ ಕಡಬದಂಥ ತೆಂಗು, ಹುಣಸೆಯ ಸೀಮೆಯಲ್ಲಿ ಇದಕ್ಕೆ ಬಂಡವಾಳವೇ ಬೇಡ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ 25 ಮನೆ, ಒಂದು ಮಗ್ಗುಲು ಬೆಳ್ಳಗಾಗುವಂತೆ ಕಲ್ಲಿಗೆ ತೇಯ್ದ 4 ಹುಣಸೆ ಬೀಜ. ನಾಲ್ಕೂ ಬಿಳಿ ಬಿದ್ದರೆ ಚೌಕ, ಅಂದರೆ 4. ನಾಲ್ಕೂ ಕಪ್ಪು ಬಿದ್ದರೆ ಬಾರ, ಅಂದರೆ 8.

ಆಟಕ್ಕಿಂತ ತೇಯುವುದೇ ಹೆಚ್ಚು ಹೊತ್ತು ಹಿಡಿಯುತ್ತದೆ. ಹೆತ್ತವರಿಗೆ ಬೇಕಾದದ್ದೂ ಅದೇ. ತೇಯ್ದ ಬೀಜ ಕಾದು ಚುರುಕ್ ಎನ್ನುತ್ತದೆ. ಅದನ್ನು ತಂಗಿಯ ಮೊಣಕೈಗೆ ಒತ್ತುವುದು ಅಣ್ಣಂದಿರ ಪರಂಪರಾಗತ ಹಕ್ಕು. ಆಮೇಲಿನ ಹಂತ ಸಾಮಾನ್ಯವಾಗಿ ಹೀಗಿರುತ್ತದೆ:

ಮಗಳು: ಅಮ್ಮಾ, ಅಣ್ಣ ಸುಟ್ಟ!

ತಾಯಿ: ಶ್! ಮೀಟಿಂಗ್ ಐತೆ ಕಣೇ.

ಮಗ: ಇವಳ ಕಾಯಿ ಕಡಿದೆ, ಎತ್ತು ಅಂದ್ರೆ ಎತ್ತಲ್ಲ.

ಮಗಳು: ಅದು ಕಟ್ಟೆ ಮನೇಲಿತ್ತು!

ಮ್ಯಾನೇಜರ್ (ಲ್ಯಾಪ್‌ಟಾಪಿನೊಳಗಿಂದ): ಮೇಡಂ, ಕಟ್ಟೇಲಿದ್ರೆ ಕಡಿಯಂಗಿಲ್ಲ. ಸ್ವಲ್ಪ ಕ್ಯಾಮೆರಾ ಆ ಕಡೆ ತಿರುಗಿಸಿ.

ತಾಯಿ: ಸರ್, ಈ ತಿಂಗಳ ವರದಿ...

ಮ್ಯಾನೇಜರ್: ಇರಲಿ ಬಿಡಿ. ಪುಟ್ಟಿ, ಇನ್ನೊಂದಾಟ ಹಾಕಮ್ಮ.

ವರದಿ ಮಾರನೆಯ ದಿನಕ್ಕೆ ಹೋಗುತ್ತದೆ. ಒಟ್ಟು ಖರ್ಚು: ಅರ್ಧ ತುಂಡು ಸೀಮೆಸುಣ್ಣ.