ಸ್ಪರ್ಶಮಣಿದರ್ಪಣ: ಫೋನೊಳಗಿನ ಕರಡುತಿದ್ದುಗನ ಲಕ್ಷಣಗ್ರಂಥ

ಗ್ರಂಥಾರಂಭದಲ್ಲಿ ಇಷ್ಟದೇವತೆಯನ್ನು ನೆನೆಯುವುದು ನಮ್ಮ ಲಾಕ್ಷಣಿಕರ ಪದ್ಧತಿ. ಈ ಶಾಸ್ತ್ರದ ಅಧಿದೇವತೆ ಬ್ಯಾಟರಿಯಾದ್ದರಿಂದ ಚಾರ್ಜರಿಗೆ ಕೈಮುಗಿದು ಮುಂದುವರಿಯುತ್ತೇನೆ.

13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸಂಧಿಯಿಂದ ಅವ್ಯಯದವರೆಗೆ ಎಂಟು ಪ್ರಕರಣಗಳನ್ನು ಹೇಳಿದ. ಅವನ ದರ್ಪಣ ನೋಡಿಕೊಳ್ಳುವ ಕನ್ನಡಿ, ನಮ್ಮದು ಉಜ್ಜುವ ಗಾಜು. 2024ರ ಜನವರಿಯಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್24ರೊಂದಿಗೆ, ಅದೇ ವರ್ಷದ ಅಕ್ಟೋಬರಿನಲ್ಲಿ ಆ್ಯಪಲ್ ಐಒಎಸ್ 18.1ರೊಂದಿಗೆ, ಬರಹ ತಿದ್ದುವ ಕೃತಕ ಬುದ್ಧಿಯನ್ನು ಫೋನಿನಲ್ಲೇ ಕೂರಿಸಿದ ಮೇಲೆ ವ್ಯಾಕರಣವೆಂಬುದು ಜೇಬಿನಲ್ಲಿ ಬೆಚ್ಚಗಾಗುವ ವಸ್ತುವಾಯಿತು. ಆ್ಯಪಲ್ ಫೋನಿನೊಳಗೆ ನೆಲೆಸಿದ ಮಾದರಿಗೆ ಸುಮಾರು 300 ಕೋಟಿ ಪ್ಯಾರಾಮೀಟರುಗಳು. ಇದಕ್ಕೆ ಹೋಲಿಸಬಹುದಾದ ಪೂರ್ವಸೂರಿ ನಮ್ಮಲ್ಲಿ ಒಬ್ಬನೇ, ವಾಸುಕಿ. ಕ್ರಿ.ಶ. 850ರ ಸುಮಾರಿನ ‘ಕವಿರಾಜಮಾರ್ಗ’ದ ಪ್ರಕಾರ, ಕನ್ನಡಗಳು ಊರಿಗೊಂದು ಬಗೆಯಾಗಿರುವುದರಿಂದ ಅವುಗಳ ದೋಷ ಇಷ್ಟೇ ಎಂದು ತಿಳಿಯಹೊರಟರೆ ಆ ಸರ್ಪರಾಜನಿಗೂ ಬೇಸರ ಬಂದೀತು. ಬೇಸರಕ್ಕೊಂದು ಪ್ಯಾರಾಮೀಟರು ಇನ್ನೂ ಬಂದಿಲ್ಲ. ಆದ್ದರಿಂದ ಈ ಶಾಸ್ತ್ರಕ್ಕೆ ಅವಕಾಶವಿದೆ.

ಮೊದಲು ಸಂಧಿಪ್ರಕರಣ. ತಿದ್ದುವ ಗುಂಡಿ ಬೇರೆ, ಹೊಸದಾಗಿ ಬರೆಯುವ ಗುಂಡಿ ಬೇರೆ ಎಂಬುದನ್ನು ವಿದ್ಯಾರ್ಥಿ ಮರೆಯಬಾರದು. ಮೊದಲನೆಯದು ಸಾಧು ಸ್ವಭಾವದ್ದು: ಮುಟ್ಟಿದ ಜಾಗಕ್ಕೆಲ್ಲ ಗೆರೆ ಎಳೆದು, ಕಾರಣ ಹೇಳಿ, ಬೇಡವೆಂದರೆ ಇದ್ದದ್ದನ್ನು ಇದ್ದ ಹಾಗೇ ಹಿಂದಿರುಗಿಸುತ್ತದೆ. ಎರಡನೆಯದು ಸ್ನೇಹಪರ, ವೃತ್ತಿಪರ, ಸಂಕ್ಷಿಪ್ತ ಎಂಬ ಮೂರು ಮುಖವುಳ್ಳದ್ದು, ಕಾರಣ ಕೊಡದು. ಇವೆರಡರ ನಡುವಿನ ಅಂತರ ಸರಾಸರಿ ಹೆಬ್ಬೆರಳಿಗಿಂತ ಕಿರಿದು. ಈ ಶಾಸ್ತ್ರದ ಸಕಲ ವಿವಾದಗಳೂ ಆ ಕಿರಿದಾದ ಜಾಗದಲ್ಲೇ ಹುಟ್ಟಿವೆ.

ಪ್ರಯೋಗ: ಬೆಂಗಳೂರಿನಲ್ಲೊಬ್ಬ ಬಾಡಿಗೆದಾರ. ಹತ್ತು ತಿಂಗಳ ಅಡ್ವಾನ್ಸು ಕೊಟ್ಟು ಸೇರಿ, ಬಿಡುವಾಗ ಪೇಂಟಿಂಗ್ ಲೆಕ್ಕದಲ್ಲಿ ಒಂದು ತಿಂಗಳದ್ದನ್ನು ಕಳೆದುಕೊಂಡವನು. ಅವನೂ ಕನ್ನಡದವನೇ, ಓನರೂ ಕನ್ನಡದವರೇ. ಆದರೂ ಜಗಳ ಇಂಗ್ಲಿಷಿನಲ್ಲೇ ನಡೆಯಬೇಕೆಂಬುದು ನಗರದ ಧರ್ಮಸೂತ್ರ. ಅವನು ಬರೆದದ್ದರ ಸಾರ: “ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರ್ಕೊಂಡ್ರಿ. ಗೋಡೆ ಇನ್ನೂ ಹಾಗೇ ಇದೆ. ನಿಮಗೆ ಆತ್ಮಸಾಕ್ಷಿ ಅನ್ನೋದು ಇದೆಯೋ ಇಲ್ವೋ?” ಕಾಗುಣಿತ ನೋಡಲು ಹೊರಟ ಬೆರಳು ಅರ್ಧ ಬೆರಳಿನಷ್ಟು ಜಾರಿ ‘ವೃತ್ತಿಪರ’ವನ್ನು ಮುಟ್ಟಿತು. ಹೊರಬಂದದ್ದು: “ತಾವು ಕ್ಷೇಮವಾಗಿರುವಿರೆಂದು ಭಾವಿಸುತ್ತೇನೆ. ಬಣ್ಣದ ಬಾಬ್ತು ಒಂದು ತಿಂಗಳ ಮೊತ್ತ ಕಡಿತಗೊಂಡಿರುವುದು ಗಮನಕ್ಕೆ ಬಂದಿದೆ. ಗೋಡೆಯ ಸದ್ಯದ ಸ್ಥಿತಿಯ ಬಗ್ಗೆ ತಮ್ಮ ಅಭಿಪ್ರಾಯ ತಿಳಿಸಿದರೆ ಉಪಕಾರವಾಗುತ್ತದೆ.”

ಇಲ್ಲಿ ಮೂರೂ ಸಂಧಿಕಾರ್ಯ ನಡೆದಿವೆ. ಲೋಪವಾದದ್ದು ಆತ್ಮಸಾಕ್ಷಿ. ಊರು ಊರು ಸೇರಿ ಊರೂರು ಆಗುವಾಗ ಒಂದು ಸ್ವರ ಹೋಗುತ್ತದೆ, ಅರ್ಥ ಕೆಡುವುದಿಲ್ಲ. ಅರ್ಥ ಕೆಡುವಂತಿದ್ದರೆ ಲೋಪ ಕೂಡದು ಎಂದು ಶಾಲೆಯ ವ್ಯಾಕರಣವೂ ಹೇಳುತ್ತದೆ. ಯಂತ್ರ ಆ ಪಾಠದ ದಿನ ಗೈರುಹಾಜರಾಗಿತ್ತೆಂದು ಊಹಿಸಬೇಕು. ಆಗಮವಾದದ್ದು ಕ್ಷೇಮ. ಎರಡು ಸ್ವರಗಳು ಮುಖಾಮುಖಿ ಡಿಕ್ಕಿ ಹೊಡೆಯದಿರಲೆಂದು ನಡುವೆ ಯಕಾರವೋ ವಕಾರವೋ ಬಂದು ನಿಲ್ಲುವಂತೆ, ಓನರು ಮತ್ತು ಬಾಡಿಗೆದಾರನ ನಡುವೆ ಯಾರೂ ಕೇಳದ ಕ್ಷೇಮಸಮಾಚಾರ ಬಂದು ನಿಂತಿದೆ. ಉಳಿದದ್ದೆಲ್ಲ ಆದೇಶ. ಮಳೆಕಾಲ ಮಳೆಗಾಲವಾಗುವಲ್ಲಿ ಪರುಷಾಕ್ಷರವಾದ ಕಕಾರಕ್ಕೆ ಸರಳಾಕ್ಷರವಾದ ಗಕಾರ ಆದೇಶವಾಗುತ್ತದಲ್ಲ, ಫೋನಿನ ಸಿದ್ಧಾಂತವೆಲ್ಲ ಆ ಒಂದೇ ಸೂತ್ರದ ವಿಸ್ತಾರ. ಪರುಷ ಕಂಡಲ್ಲೆಲ್ಲ ಸರಳ.

ಆಖ್ಯಾತಪ್ರಕರಣವನ್ನು ಇಲ್ಲೇ ಮುಗಿಸಬಹುದು. ‘ಮುರ್ಕೊಂಡ್ರಿ’ ಎಂಬ ಕ್ರಿಯಾಪದದ ಬಾಲದಲ್ಲಿ ಓನರು ಸ್ಪಷ್ಟವಾಗಿ ಕೂತಿದ್ದರು. ‘ಕಡಿತಗೊಂಡಿರುವುದು’ ಎಂಬಲ್ಲಿ ಅವರಿಲ್ಲ. ದುಡ್ಡು ತನ್ನಷ್ಟಕ್ಕೆ ತಾನೇ ಕತ್ತರಿಸಿಕೊಂಡಿದೆ. ಸರಕಾರಿ ಟಿಪ್ಪಣಿಗಳಲ್ಲಿ ಗುಮಾಸ್ತರು ಬಲು ಕಾಲದ ಸಾಧನೆಯಿಂದ ಪಡೆದ ಈ ಸಿದ್ಧಿಯನ್ನು ಯಂತ್ರ ಕ್ಷಣಮಾತ್ರದಲ್ಲಿ ಹಂಚುತ್ತಿರುವುದು ಆ ವರ್ಗಕ್ಕೆ ಬಗೆದ ಅನ್ಯಾಯವೇ ಸರಿ.

ಸಮಾಸದ ವಿಷಯ. ಓನರ ಬಳಿಯೂ ಅಂಥದೇ ಫೋನಿತ್ತು. ಅವರು ಸಾರಾಂಶದ ಗುಂಡಿ ಒತ್ತಿದರು. “ಹಳೆಯ ಬಾಡಿಗೆದಾರರು ಗೋಡೆಯ ಬಗ್ಗೆ ವಿಚಾರಿಸಿದ್ದಾರೆ” ಎಂದು ಬಂತು. ಇವನು ಅದನ್ನು ಹೇಳಲಿಲ್ಲ, ಅವರು ಇದನ್ನು ಕೇಳಲಿಲ್ಲ. ಸೇರಿದ ಎರಡು ಪದಗಳ ಅರ್ಥ ಹಿಂದಾಗಿ ಹೊರಗಿನ ಮೂರನೆಯದು ಮುಂದಾದರೆ ಅದು ಬಹುವ್ರೀಹಿ. ಹಣೆಗಣ್ಣ ಎಂದರೆ ಹಣೆಯೂ ಅಲ್ಲ, ಕಣ್ಣೂ ಅಲ್ಲ, ಶಿವ. ಇಲ್ಲಿ ಮೂರನೆಯವನು ಯಾರೆಂಬುದು ಚರ್ಚಾಸ್ಪದ.

ತದ್ಧಿತದಲ್ಲಿ ಹೊಸತು ಇಷ್ಟೇ: ಬರಹಗಾರನ ಜಾಗಕ್ಕೆ ಒತ್ತುಗಾರ ಬಂದ. ಧಾತುಪ್ರಕರಣ: ಲಿಥಿಯಂ, ಕೋಬಾಲ್ಟ್, ಸಿಲಿಕಾನ್.

ಇನ್ನು ಅಪಭ್ರಂಶ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುವವರೇ ಈ ಪ್ರಕರಣದ ಅನ್ನದಾತರು. ‘ಹೌದು ಗುರುಗಳೇ’ ಎಂದು ಒತ್ತಿದವನ ಮಾತು ‘ಹೌಡಿ’ ಎಂದು ತಿದ್ದಿಸಿಕೊಂಡು, ಟೆಕ್ಸಾಸಿನ ದನಗಾಹಿ ಮಠದ ಬಾಗಿಲಲ್ಲಿ ಟೋಪಿ ಎತ್ತಿದಂತಾಗುತ್ತದೆ. ‘ಸರಿ’ ಎಂದವನದು ‘ಸಾರಿ’ಯಾಗಿ, ಒಪ್ಪಿಗೆ ಕೊಟ್ಟವನು ಕ್ಷಮೆ ಕೇಳಿರುತ್ತಾನೆ. (ಮದುವೆ ಮಾತುಕತೆಯಲ್ಲಿರುವವರು ಈ ಸೂತ್ರವನ್ನು ಕಂಠಪಾಠ ಮಾಡಬೇಕು.) ಇವು ಕಣ್ಣಿಗೆ ಬೀಳುವ ದೋಷಗಳು. ಯಂತ್ರ ವ್ಯಾಕರಣಶುದ್ಧವಾಗಿ ತಿದ್ದಿದ್ದು ಇನ್ನೂ ಘೋರ. ‘ಬೆಳಿಗ್ಗೆ ಚೌಚೌ ಬಾತ್ ಆಯಿತು’ ಎಂದು ಇಂಗ್ಲಿಷಿನಲ್ಲಿ ಬರೆದವನನ್ನು ಊಹಿಸಿ. ತಟ್ಟೆಯ ಒಂದು ಬದಿಗೆ ಖಾರಾ, ಇನ್ನೊಂದು ಬದಿಗೆ ಕೇಸರಿ ಎಂಬುದು ಯಂತ್ರಕ್ಕೆ ಗೊತ್ತಿಲ್ಲ. ಚೌಚೌ ಎಂಬ ಚೀನೀ ನಾಯಿತಳಿ ಗೊತ್ತು, ಬಾತ್ ಎಂದರೆ ಸ್ನಾನ ಎಂದು ಗೊತ್ತು. ವಾಕ್ಯ ‘ಬೆಳಿಗ್ಗೆ ನಾಯಿಗೆ ಸ್ನಾನ ಮಾಡಿಸಿದೆ’ ಎಂದು ನಿರ್ದೋಷವಾಗಿ ಹೊರಬೀಳಬಹುದು. ಅಡಿಗೆರೆ ಹಾಕಲು ಒಂದು ಅಕ್ಷರವೂ ಸಿಗದು.

ಪೂರ್ವಪಕ್ಷ: ಕನ್ನಡವನ್ನು ಕನ್ನಡದಲ್ಲೇ ಬರೆದು ತಿದ್ದಿಸಿದರಾಗದೇ? ಉತ್ತರ: ಆ್ಯಪಲ್ಲಿನ ಗುಂಡಿ ಮೊದಲು ಅಮೆರಿಕದ ಇಂಗ್ಲಿಷಿಗೆ ಬಂತು, 18.4ರ ಆವೃತ್ತಿಯಲ್ಲಿ ಭಾರತದ ಇಂಗ್ಲಿಷಿಗೂ ಬಂತು. ಎರಡು ಪಟ್ಟಿಯಲ್ಲೂ ಕನ್ನಡವಿರಲಿಲ್ಲ. ಕಾರಣಗಳು ಶಾಸ್ತ್ರೀಯವಾಗಿವೆ. ಇಂಗ್ಲಿಷಿನ ಒಂದಕ್ಷರಕ್ಕೆ ಯಂತ್ರದ ಗೋದಾಮಿನಲ್ಲಿ ಒಂದು ಬೈಟು ಸಾಕು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೇಕು. ‘ಸ್ತ್ರೀ’ ಎಂಬ ಒಂದೇ ಅಕ್ಷರ ಆರು ಸಂಕೇತಗಳಾಗಿ ಒಡೆದು 18 ಬೈಟು ನುಂಗುತ್ತದೆ. ಜೊತೆಗೆ ನಮ್ಮ ಪದಗಳು ಒಂಟಿಯಾಗಿ ಓಡಾಡುವುದಿಲ್ಲ. ‘ಬಂದಿದ್ದವರೆಲ್ಲರಿಗೂ’ ಎಂಬುದನ್ನು ಯಾವ ನಿಘಂಟೂ ಪಟ್ಟಿ ಮಾಡಿಲ್ಲ, ಆದರೆ ಯಾವ ಅಜ್ಜಿಗೂ ಅದರಲ್ಲಿ ತಪ್ಪು ಕಂಡಿಲ್ಲ. ಇಷ್ಟನ್ನೂ ದಾಟಿದರೆ ಕೊನೆಗೆ ಉಳಿಯುವುದು ವಾಸುಕಿಯ ತೊಡಕು: ಯಾವ ಕನ್ನಡ? ಡಿ.ಎನ್. ಶಂಕರ ಭಟ್ಟರು ಮಹಾಪ್ರಾಣಗಳನ್ನು ಕೈಬಿಟ್ಟು ಬರೆದವರು. ಬರಹವನ್ನು ಸರಿಪಡಿಸೋಣ ಎಂದು ಕರೆಕೊಟ್ಟ ಅವರ ಪುಸ್ತಕವನ್ನು ಶಿಷ್ಟ ಕನ್ನಡ ಕಲಿತ ಯಂತ್ರದ ಮುಂದಿಟ್ಟರೆ ಪುಟವೆಲ್ಲ ಕೆಂಪಾದೀತು. ಯಂತ್ರವೇ ತಪ್ಪೆಂದು ಭಟ್ಟರ ಕಡೆಯವರು ಸಾಧಿಸಿಯಾರು. ಧಾರವಾಡದವರು ಎರಡೂ ಪಕ್ಷವನ್ನು ಕೇಳಿ “ಹೋಗ್ಲಿ ಬಿಡ್ರಿ” ಎಂದಾರು, ಅದಕ್ಕೂ ಗೆರೆ ಬಿದ್ದೀತು.

ಕಡೆಯದು ಅವ್ಯಯ. ಲಿಂಗ, ವಚನ, ವಿಭಕ್ತಿ ಯಾವುದಕ್ಕೂ ಜಗ್ಗದ ಪದವೇ ಅವ್ಯಯವೆಂದು ಪೂರ್ವಸೂರಿಗಳು ‘ಅಯ್ಯೋ’, ‘ಛೇ’ ಮುಂತಾದವನ್ನು ಹೇಳಿದ್ದಾರೆ. ಈ ಕಾಲದ ಅವ್ಯಯ ಮತ್ತೊಂದಿದೆ. ಬಾಡಿಗೆದಾರನ ಸೌಜನ್ಯಪತ್ರಕ್ಕೆ ಓನರು ಕಳಿಸಿದ ಉತ್ತರ ಒಂದು ಹಳದಿ ಹೆಬ್ಬೆರಳು. ಅವನು ಅದನ್ನು ಸ್ನೇಹಪರ, ವೃತ್ತಿಪರ, ಸಂಕ್ಷಿಪ್ತ ಮೂರರಲ್ಲೂ ಹಾಕಿ ನೋಡಿದ. ಯಂತ್ರಕ್ಕೆ ತಿದ್ದಲು ಏನೂ ಸಿಗಲಿಲ್ಲ. ಆ ಹೆಬ್ಬೆರಳು ವರ್ತಮಾನವೋ ಭವಿಷ್ಯವೋ, ವಿಧ್ಯರ್ಥವೋ ನಿಷೇಧವೋ ಎಂಬ ಬಗ್ಗೆ ಅವನ ಅಪಾರ್ಟ್‌ಮೆಂಟಿನ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅಡ್ವಾನ್ಸು ಬಂದಿಲ್ಲ.